ಕಲಬುರಗಿ ಬಿಸಿಲಿಗೆ ಎಷ್ಟು ಟನ್ ಸ್ಪ್ಲಿಟ್ ಎಸಿ? ಚದರ ಅಡಿ ಲೆಕ್ಕ ಸಾಕಾ?

ಬಿಸಿಲೂರು

ಮ್ಯಾಲಿನ ಮಹಡಿ ಮಲಗೋ ಕೋಣಿಗೆ ಸ್ಪ್ಲಿಟ್ ಎಸಿ ಹಾಕ್ಸಬೇಕಂತ ಮಾಡೀವ್ರಿ. ಒಂದು ಅಂಗಡ್ಯಾಗ 1 ಟನ್ ಸಾಕು ಅಂದ್ರು, ಇನ್ನೊಂದ್ರಾಗ 1.5, ಮತ್ತೊಂದ್ರಾಗ "ಕಲಬುರಗಿ ಬಿಸಲಾ ಅದ, 2 ಟನ್ನೇ ತಗೋರಿ" ಅಂದ್ರು. ಮೂರೂ ಮಂದಿ ಕೇಳಿದ್ದು ಒಂದೇ ಪ್ರಶ್ನೆ: ಕೋಣಿ ಎಷ್ಟು ಚದರ ಅಡಿ?

ವಿವರ ಕೊಡ್ತೀನಿ. ಕೋಣಿ 10 x 12 ಅಡಿ, ಎತ್ತರ 10 ಅಡಿ. ಮ್ಯಾಲೆ 5 ಇಂಚಿನ ಆರ್‌ಸಿಸಿ ಛತ್ತು, ಅದರ ಮ್ಯಾಲೆ ಏನೂ ಹಾಕಿಲ್ಲ. ಪಡುವಣಕ್ಕ 12 ಅಡಿ ಗೋಡೆ, ತೆಂಕಣಕ್ಕ 10 ಅಡಿ ಗೋಡೆ, ಎರಡೂ ಹೊರಗಿನವು, 9 ಇಂಚಿನ ಇಟ್ಟಂಗಿ. ಪಡುವಣಕ್ಕ 4 x 4 ಅಡಿ ಗಾಜಿನ ಕಿಟಕಿ, ಸಜ್ಜಾ ಸಣ್ಣದು. ಮಲಗೋರು ಇಬ್ರು. ಟಿವಿ ಒಂದು, ಫ್ಯಾನ್ ಒಂದು. ಏಪ್ರಿಲ್-ಮೇದಾಗ ಹೊರಗ 43-44 ಡಿಗ್ರಿ. ಎಷ್ಟು ಟನ್ ಬೇಕು, ಯಾಕ ಬೇಕು ಅಂತ ಲೆಕ್ಕ ಸಮೇತ ಹೇಳ್ರಿ.

ಲೋಡ್_ಲೆಕ್ಕ

ಇಷ್ಟು ವಿವರ ಕೊಟ್ಟರೆ ಲೆಕ್ಕ ಸುಲಭ. ಮೊದಲು ಒಂದು ಮಾತು: 1 ಟನ್ ಅಂದರೆ ಗಂಟೆಗೆ 12,000 ಬಿಟಿಯು, ಅಂದರೆ 3,517 ವ್ಯಾಟ್ ಶಾಖವನ್ನು ಕೋಣೆಯಿಂದ ಹೊರಹಾಕುವ ಶಕ್ತಿ. ಆ ಶಾಖ ನೆಲದಿಂದ ಹುಟ್ಟುವುದಿಲ್ಲ. ಅದು ತಾರಸಿ, ಗೋಡೆ, ಗಾಜು, ಬಾಗಿಲ ಸಂದಿನಿಂದ ಒಳಗೆ ಬರುತ್ತದೆ. ಚದರ ಅಡಿ ನೋಡಿ ಟನ್ ಹೇಳುವವರು ಇದ್ಯಾವುದನ್ನೂ ನೋಡಿರುವುದಿಲ್ಲ.

ನಿಮ್ಮ ಕೋಣೆಗೆ, ಹೊರಗೆ 43, ಒಳಗೆ 25-26 ಡಿಗ್ರಿ ಇಟ್ಟುಕೊಂಡು ಒಂದೊಂದೇ ಹಾಕುತ್ತೇನೆ.

ತಾರಸಿ: 120 ಚದರ ಅಡಿ ಅಂದರೆ 11.1 ಚದರ ಮೀಟರ್. ಏನೂ ಹೊದಿಸದ 5 ಇಂಚಿನ ಸ್ಲ್ಯಾಬಿನ ಯು-ಮೌಲ್ಯ ಸುಮಾರು 3.3, ಅಂದರೆ ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ 3.3 ವ್ಯಾಟ್ ಒಳಬರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಪ್ಪಿಟ್ಟ ತಾರಸಿಯ ಮೇಲ್ಮೈ 65 ಡಿಗ್ರಿ ದಾಟುತ್ತದೆ, ಹಾಗಾಗಿ ಹೊರಗಿನ ಗಾಳಿಯ 43 ಡಿಗ್ರಿಯನ್ನು ಮಾತ್ರ ಹಿಡಿದರೆ ಲೆಕ್ಕ ತಪ್ಪುತ್ತದೆ. ಸ್ಲ್ಯಾಬ್ ಶಾಖವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವುದನ್ನೂ ಸೇರಿಸಿದರೆ ಪರಿಣಾಮಕಾರಿ ವ್ಯತ್ಯಾಸ 28 ಡಿಗ್ರಿ ಎನ್ನಬಹುದು. 3.3 x 11.1 x 28 = ಸುಮಾರು 1,030 ವ್ಯಾಟ್.

ಎರಡು ಹೊರಗೋಡೆ: ಕಿಟಕಿ ಬಿಟ್ಟು 19 ಚದರ ಮೀಟರ್. 9 ಇಂಚಿನ ಇಟ್ಟಿಗೆ ಗೋಡೆಗೆ ಯು-ಮೌಲ್ಯ 2.1, ವ್ಯತ್ಯಾಸ 15. ಸುಮಾರು 600 ವ್ಯಾಟ್.

ಪಶ್ಚಿಮದ ಕಿಟಕಿ: 1.5 ಚದರ ಮೀಟರ್. ಸಂಜೆ 4-5ಕ್ಕೆ ನೇರ ಬಿಸಿಲು ಬಿದ್ದಾಗ, ಒಳಗೆ ಪರದೆ ಇದ್ದರೂ 500 ವ್ಯಾಟ್. ಗಾಜಿನ ಮೂಲಕ ಹರಿಯುವ ಶಾಖ ಬೇರೆ 140. ಒಟ್ಟು 640. ಇಷ್ಟು ಸಣ್ಣ ಕಿಟಕಿ ಎರಡು ಗೋಡೆಗಿಂತ ಹೆಚ್ಚು ಶಾಖ ತರುತ್ತಿದೆ ಎನ್ನುವುದನ್ನು ಗಮನಿಸಿ.

ಪಕ್ಕದ ಎಸಿ ಇಲ್ಲದ ಕೋಣೆಗಳ ಗೋಡೆಯಿಂದ 300, ಇಬ್ಬರು ಮನುಷ್ಯರಿಂದ 230, ಟಿವಿ-ಫ್ಯಾನ್-ದೀಪದಿಂದ 150, ಬಾಗಿಲು-ಕಿಟಕಿ ಸಂದಿನಿಂದ ಗಂಟೆಗೊಮ್ಮೆ ಕೋಣೆಯ ಗಾಳಿ ಬದಲಾದರೆ 180.

ಕೂಡಿದರೆ 3,130 ವ್ಯಾಟ್, ಅಂದರೆ 0.89 ಟನ್. ಕಿಟಕಿಯ ಹೊರೆ ಸಂಜೆ 5ಕ್ಕೆ ಏರಿದರೆ ತಾರಸಿಯದು 7-8ಕ್ಕೆ ಏರುತ್ತದೆ, ಎಲ್ಲವೂ ಒಂದೇ ಹೊತ್ತಿಗೆ ತುದಿ ಮುಟ್ಟುವುದಿಲ್ಲ. ಹಾಗಾಗಿ 2,800-3,100 ಎಂದು ಇಟ್ಟುಕೊಳ್ಳಿ.

ಹಾಗಾದರೆ 1 ಟನ್ ಸಾಕಲ್ಲವೇ ಎನ್ನಬಹುದು. ಇಲ್ಲೇ ತೊಡಕಿರುವುದು. ಎಸಿಯ ಸಾಮರ್ಥ್ಯವನ್ನು ಅಳೆಯುವುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇದ್ದಾಗ. ಹೊರಗೆ 43-44 ಆದರೆ ಸಾಮರ್ಥ್ಯ ಶೇ 10-15 ಇಳಿಯುತ್ತದೆ. ಜೊತೆಗೆ "1 ಟನ್" ಎಂದು ಮಾರುವ ಅನೇಕ ಮಾಡೆಲ್‌ಗಳ ಬಿಇಇ ಲೇಬಲ್ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯ ನಕ್ಷತ್ರದ ಚೀಟಿ) ಮೇಲೆ 3,300 ಅಥವಾ 3,400 ವ್ಯಾಟ್ ಇರುತ್ತದೆ, 3,517 ಅಲ್ಲ. 3,400ರಲ್ಲಿ ಶೇ 12 ಕಳೆದರೆ 2,990. ನಿಮ್ಮ ಹೊರೆಗೂ ಅದಕ್ಕೂ ಅಂತರವೇ ಇಲ್ಲ. ಯಂತ್ರ ಸಂಜೆಯೆಲ್ಲ ಪೂರ್ತಿ ವೇಗದಲ್ಲಿ ಓಡಿ ಹೇಗೋ 26ಕ್ಕೆ ತರುತ್ತದೆ.

ಅಂಗಡಿಯಲ್ಲಿ ಟನ್ ಕೇಳಬೇಡಿ. ನಕ್ಷತ್ರದ ಲೇಬಲ್ ಮೇಲೆ ಪೂರ್ಣ ಹೊರೆ ಮತ್ತು ಅರ್ಧ ಹೊರೆಯ ಕೂಲಿಂಗ್ ಸಾಮರ್ಥ್ಯ ವ್ಯಾಟ್‌ನಲ್ಲಿ ಇರುತ್ತದೆ, ಅದನ್ನು ಓದಿ. ಒಂದೇ "1.5 ಟನ್" ಹೆಸರಿನಲ್ಲಿ ಸುಮಾರು 4,700 ವ್ಯಾಟ್‌ನಿಂದ 5,200 ವ್ಯಾಟ್‌ವರೆಗೆ ಸಿಗುತ್ತವೆ.

ಹೆಬ್ಬಾಳ_ಎಚ್‌ವಿಎಸಿ

ಲೆಕ್ಕ ಸರಿ ಇದೆ. ಆದರೆ ಈಗ ಎಲ್ಲ ಇನ್ವರ್ಟರ್ ಎಸಿಗಳ ಕಾಲ, ಅಂದರೆ ಕಂಪ್ರೆಸರಿನ ವೇಗ ಬೇಕಾದಂತೆ ಬದಲಾಗುವಂಥವು. 1.5 ಟನ್ ಹಾಕಿಬಿಟ್ಟರೆ ಬೇಕಾದಾಗ ಏರುತ್ತದೆ, ಬೇಡವಾದಾಗ ಇಳಿಯುತ್ತದೆ. ಕಲಬುರಗಿಯಲ್ಲಿ ಚಿಕ್ಕದನ್ನು ತಂದು ಒದ್ದಾಡುವುದಕ್ಕಿಂತ ಒಂದು ಅಳತೆ ದೊಡ್ಡದೇ ಲೇಸು. ಅರ್ಧ ಹೊರೆಯಲ್ಲಿ ಇನ್ವರ್ಟರಿನ ದಕ್ಷತೆ ಪೂರ್ಣ ಹೊರೆಗಿಂತ ಚೆನ್ನಾಗಿಯೇ ಇರುತ್ತದೆ, ಆದ್ದರಿಂದ ಬಿಲ್ಲಿಗೂ ನಷ್ಟವಿಲ್ಲ.

ಲೋಡ್_ಲೆಕ್ಕ

ಒಂದು ಮಿತಿಯವರೆಗೆ ಒಪ್ಪುತ್ತೇನೆ. ಇನ್ವರ್ಟರ್ ಇಳಿಯುತ್ತದೆ, ಆದರೆ ಸೊನ್ನೆಗೆ ಇಳಿಯುವುದಿಲ್ಲ. ಕಂಪ್ರೆಸರ್ ಒಂದು ಕನಿಷ್ಠ ವೇಗಕ್ಕಿಂತ ಕೆಳಗೆ ಓಡಿದರೆ ಒಳಗಿನ ಎಣ್ಣೆ ಸರಿಯಾಗಿ ಮರಳದು, ಆದ್ದರಿಂದ ಕಂಪನಿಯೇ ತಳಮಿತಿ ಇಟ್ಟಿರುತ್ತದೆ. ತಾಂತ್ರಿಕ ವಿವರದ ಹಾಳೆಯಲ್ಲಿ ಸಾಮರ್ಥ್ಯದ ಪಕ್ಕ ಕಂಸದಲ್ಲಿ ಕನಿಷ್ಠ-ಗರಿಷ್ಠ ಅಂಕಿ ಇರುತ್ತದೆ. ಕೆಲವು 1.5 ಟನ್ ಮಾಡೆಲ್‌ಗಳಲ್ಲಿ ಕನಿಷ್ಠವೇ 1,400-1,500 ವ್ಯಾಟ್. ಕೋಣೆಗೆ ನಡುರಾತ್ರಿ ಬೇಕಾದದ್ದು 800 ವ್ಯಾಟ್ ಆದರೆ ಇನ್ವರ್ಟರ್ ಕೂಡ ಹಳೆಯ ಎಸಿಯಂತೆ ಆನ್-ಆಫ್ ಆಗುತ್ತಲೇ ಇರುತ್ತದೆ. ಅರ್ಧ ಹೊರೆಯ ಉಳಿತಾಯ ಆ ಹೊತ್ತಿಗೆ ಸಿಗುವುದಿಲ್ಲ, ಕೋಣೆಯ ಉಷ್ಣಾಂಶವೂ ಏರಿಳಿಯುತ್ತದೆ.

ಆದ್ದರಿಂದ ಕೊಳ್ಳುವಾಗ ನೋಡಬೇಕಾದ ಅಂಕಿ ಎರಡು. ನಿಮ್ಮೂರಿನ ತುತ್ತತುದಿಯ ಬಿಸಿಲಿನಲ್ಲಿ ಗರಿಷ್ಠ ಎಷ್ಟು ಕೊಡುತ್ತದೆ, ಮತ್ತು ಬೆಳಗಿನ ಜಾವ ಕನಿಷ್ಠ ಎಷ್ಟಕ್ಕೆ ಇಳಿಯುತ್ತದೆ. "5-ಇನ್-1 ಕನ್ವರ್ಟಿಬಲ್" ಎಂದು ಮಾರುವುದು ಕಂಪ್ರೆಸರಿನ ಮೇಲ್ಮಿತಿಯನ್ನು ಶೇ 40, 60, 80 ಎಂದು ಕಟ್ಟಿಹಾಕುವ ಗುಂಡಿ ಅಷ್ಟೇ, ಅದು ತಳಮಿತಿಯನ್ನು ಇಳಿಸುವುದಿಲ್ಲ.

ಕಲಬುರಗಿಗೆ, ತಾರಸಿಯನ್ನು ಹೀಗೇ ಬಿಡುವುದಾದರೆ, 1.5 ಟನ್ ಸರಿ. 2 ಟನ್ ಖಂಡಿತ ಬೇಡ.

ತಾರಸಿ_ಮೇಸ್ತ್ರಿ

"ತಾರಸಿಯನ್ನು ಹೀಗೇ ಬಿಡುವುದಾದರೆ" ಎಂದಿರಿ ನೋಡಿ, ಅದನ್ನು ಯಾಕೆ ಬಿಡಬೇಕು? ಹೊರೆಯ ಮೂರನೇ ಒಂದು ಭಾಗ ಅಲ್ಲಿಂದಲೇ ಬರುತ್ತಿದೆ. ರಾತ್ರಿ 10ಕ್ಕೆ ಸೀಲಿಂಗಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ, ಇಂಥ ಸ್ಲ್ಯಾಬ್ ಆ ಹೊತ್ತಿಗೂ 38-40 ತೋರಿಸುತ್ತದೆ. ಕೋಣೆಯ ಗಾಳಿ 25 ಇದ್ದರೂ ಮಲಗಿದವರ ಮೈಗೆ ಮೇಲಿಂದ ಝಳ ಹೊಡೆಯುತ್ತಲೇ ಇರುತ್ತದೆ. ಅದಕ್ಕೇ ಮೇಲಿನ ಮಹಡಿಯವರು 20-21ಕ್ಕೆ ಇಟ್ಟರೂ "ತಂಪಾಗ್ತಿಲ್ಲ" ಎನ್ನುವುದು. ದೊಡ್ಡ ಎಸಿ ಗಾಳಿಯನ್ನು ಇನ್ನಷ್ಟು ತಣ್ಣಗೆ ಮಾಡೀತು, ಕಾದ ಸ್ಲ್ಯಾಬ್ ಅಷ್ಟು ಬೇಗ ಆರುವುದಿಲ್ಲ.

ಅಗ್ಗದಿಂದ ಶುರು ಮಾಡುತ್ತೇನೆ. ಸುಣ್ಣದ ಬಳಿತ ಅಥವಾ ಕೂಲ್ ರೂಫ್ ಪೇಂಟ್. ಬಿಳಿ ಮೇಲ್ಮೈ ಬಿಸಿಲಿನ ಬಹುಪಾಲನ್ನು ವಾಪಸ್ ಕಳಿಸುವುದರಿಂದ ಮೇಲೆ ಹೇಳಿದ 28 ಡಿಗ್ರಿ ವ್ಯತ್ಯಾಸ ಹೊಸದರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ, 1,030 ವ್ಯಾಟ್ 500ರ ಆಸುಪಾಸಿಗೆ ಬರುತ್ತದೆ. ಆದರೆ ಧೂಳು ಕೂತಂತೆ ಗುಣ ಕಡಿಮೆಯಾಗುತ್ತದೆ. ಸುಣ್ಣವನ್ನು ಪ್ರತಿ ವರ್ಷ ಫೆಬ್ರವರಿ-ಮಾರ್ಚ್‌ನಲ್ಲಿ ಬಳಿಯಲೇಬೇಕು. ಪೇಂಟ್ ಆದರೂ ಬೇಸಗೆಗೆ ಮುಂಚೆ ಒಮ್ಮೆ ತೊಳೆಯಬೇಕು. ಬಿಳಿ ಚೀನಾ ಮೊಸಾಯಿಕ್ (ಹೊಳಪಿನ ಟೈಲ್ ಚೂರುಗಳ ಹಾಸು) ಹಾಕಿಸಿದರೆ ಬಾಳಿಕೆ ಹೆಚ್ಚು, ತೊಳೆಯಲೂ ಸುಲಭ.

ಶಾಶ್ವತ ಪರಿಹಾರ ಎಂದರೆ ಸ್ಲ್ಯಾಬಿನ ಮೇಲೆ 50 ಮಿಮೀ ಎಕ್ಸ್‌ಪಿಎಸ್ ಹಲಗೆ, ಅಂದರೆ ಶಾಖ ತಡೆಯುವ ಗಟ್ಟಿ ಫೋಮ್. ಕ್ರಮ ಮುಖ್ಯ: ಮೊದಲು ಬಿರುಕು ತುಂಬಿ ವಾಟರ್‌ಪ್ರೂಫಿಂಗ್, ಅದರ ಮೇಲೆ ಹಲಗೆಗಳನ್ನು ಸಂದಿಲ್ಲದಂತೆ ಜೋಡಿಸಿ ಕೀಲಿಗೆ ಟೇಪ್, ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಆಮೇಲೆ ಜಾಲರಿ ಹಾಕಿದ 40-50 ಮಿಮೀ ಸ್ಕ್ರೀಡ್ (ಸಿಮೆಂಟಿನ ಹಾಸು), ನೀರು ಹೋಗುವ ಕಡೆಗೆ 100ಕ್ಕೆ 1ರ ಇಳಿಜಾರು. ಯು-ಮೌಲ್ಯ 3.3ರಿಂದ ಸುಮಾರು 0.55ಕ್ಕೆ ಇಳಿಯುತ್ತದೆ. ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ತಾರಸಿಗೆ ಕೇಳುವುದು 1.2, ಅದಕ್ಕಿಂತ ಎಷ್ಟೋ ವಾಸಿ. ಹೊಸದಾಗಿ ಕಟ್ಟುತ್ತಿರುವವರು ಸ್ಲ್ಯಾಬ್ ಹಾಕುವಾಗಲೇ ಇದನ್ನು ಬಜೆಟ್ಟಿಗೆ ಸೇರಿಸಿಕೊಳ್ಳಿ.

ಫಾಲ್ಸ್ ಸೀಲಿಂಗ್ ಮಾತ್ರ ಹಾಕಿದರೆ ಝಳ ಕಡಿಮೆ ಅನಿಸುತ್ತದೆ, ಆದರೆ ಮೇಲಿನ ಪೊಳ್ಳಿನಲ್ಲಿ ಗಾಜಿನ ಉಣ್ಣೆ ಹಾಸದಿದ್ದರೆ ಬರುವ ಶಾಖ ಹೆಚ್ಚೇನೂ ತಗ್ಗದು.

ಕಿಟಕಿಗೆ ಒಳಗಿನ ದಪ್ಪ ಪರದೆಗಿಂತ ಹೊರಗಿನ ಬಿದಿರಿನ ತಟ್ಟಿ ಅಥವಾ ಲಾವಂಚದ ಪರದೆ ಹೆಚ್ಚು ಕೆಲಸ ಮಾಡುತ್ತದೆ. ಗಾಜನ್ನು ದಾಟಿ ಒಳಬಂದ ಬಿಸಿಲು ಪರದೆಗೆ ಬಡಿದರೂ ಆ ಶಾಖ ಕೋಣೆಯಲ್ಲೇ ಉಳಿಯಿತಲ್ಲ. ಹೊರಗೇ ತಡೆದರೆ 640 ವ್ಯಾಟ್ 250ಕ್ಕೆ ಇಳಿಯುತ್ತದೆ.

ಲೋಡ್_ಲೆಕ್ಕ

ಎರಡನ್ನೂ ಸೇರಿಸಿ: ತಾರಸಿ 1,030 ಬದಲು 170, ಕಿಟಕಿ 640 ಬದಲು 250. ಒಟ್ಟು 3,130ರಿಂದ 1,880 ವ್ಯಾಟ್‌ಗೆ ಬಂತು. ಈಗ 44 ಡಿಗ್ರಿಯಲ್ಲೂ 1 ಟನ್ ಯಂತ್ರಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಡುವಿದೆ. ಬರೀ ಪೇಂಟ್ ಮತ್ತು ಹೊರತಟ್ಟಿ ಮಾಡಿದರೂ 2,220ರ ಸುತ್ತ ನಿಲ್ಲುತ್ತದೆ, ಆಗಲೂ 1 ಟನ್ ಸಾಕು.

ಕುಡ್ಲ_ಕಡಲು

ಕರಾವಳಿಯವರು ಈ ಲೆಕ್ಕವನ್ನು ಹಾಗೆಯೇ ತೆಗೆದುಕೊಳ್ಳಬೇಡಿ ಮಾರಾಯ್ರೆ, ನಮ್ಮಲ್ಲಿ ಕಥೆ ಬೇರೆ ಉಂಟು. ಮಂಗಳೂರು-ಉಡುಪಿಯಲ್ಲಿ ಹೊರಗೆ 32-34 ಡಿಗ್ರಿ ದಾಟುವುದು ಕಡಿಮೆ, ಆದರೆ ಗಾಳಿಯ ತುಂಬ ನೀರು. ಎಸಿ ಎರಡು ಕೆಲಸ ಮಾಡಬೇಕು: ಗಾಳಿಯನ್ನು ತಣಿಸುವುದು ಒಂದು, ನೀರು ಹಿಂಡಿ ತೆಗೆಯುವುದು ಇನ್ನೊಂದು.

ಅದೇ 10 x 12 ಕೋಣೆಗೆ ನೋಡುವ. ಹೊರಗೆ 32 ಡಿಗ್ರಿ, ಶೇ 70 ಆರ್ದ್ರತೆ ಇದ್ದರೆ ಕಿಲೋ ಗಾಳಿಯಲ್ಲಿ 21 ಗ್ರಾಂ ನೀರು. ಒಳಗೆ 25 ಡಿಗ್ರಿ, ಶೇ 55 ಬೇಕಾದರೆ 11 ಗ್ರಾಂ. ಬಾಗಿಲ ಸಂದಿನಿಂದ ಗಂಟೆಗೊಮ್ಮೆ ಕೋಣೆಯ ಗಾಳಿ ಬದಲಾದರೆ ಸುಮಾರು 39 ಕಿಲೋ ಗಾಳಿ, ಅದರೊಟ್ಟಿಗೆ ಹೆಚ್ಚುಕಡಿಮೆ 400 ಮಿಲಿ ನೀರು ಒಳಬರುತ್ತದೆ. ಅದನ್ನು ತೆಗೆಯಲು 270 ವ್ಯಾಟ್, ಇಬ್ಬರ ಉಸಿರು-ಬೆವರಿಗೆ 90, ಒಟ್ಟು 360 ವ್ಯಾಟ್ ಬರೀ ನೀರಿಗೆ. 8 ಗಂಟೆಗೆ ಸಂದಿನಿಂದ ಬಂದದ್ದೇ 3 ಲೀಟರ್ ದಾಟಿತು.

ಮಧ್ಯಾಹ್ನ ಒಣ ಶಾಖ, ಅಂದರೆ ಗಾಳಿಯನ್ನು ತಣಿಸುವ ಹೊರೆ, 1,500 ವ್ಯಾಟ್ ಇರುವಾಗ ಇದು ತೊಂದರೆ ಅಲ್ಲ. ಜೂನ್‌ನ ರಾತ್ರಿ ನೋಡಿ: ಮೋಡ, ಮಳೆ, ಗೋಡೆಯೆಲ್ಲ ತಂಪು, ಒಣ ಶಾಖ 500ಕ್ಕೆ ಇಳಿದಿರುತ್ತದೆ, ನೀರಿನ ಹೊರೆ ಮಾತ್ರ ಇದ್ದ ಹಾಗೆಯೇ ಉಂಟು. ದೊಡ್ಡ ಎಸಿ ಹತ್ತೇ ನಿಮಿಷದಲ್ಲಿ 24 ಮುಟ್ಟಿಸಿ ಕಂಪ್ರೆಸರ್ ನಿಲ್ಲಿಸುತ್ತದೆ. ಅಷ್ಟರಲ್ಲಿ ಕಾಯಿಲ್ (ಒಳಯಂತ್ರದ ತಣ್ಣನೆ ಕೊಳವೆಗಳು) ಮೇಲೆ ನೀರು ಕೂತಿರುತ್ತದೆಯೇ ಹೊರತು ಪೈಪಿನಲ್ಲಿ ಹೊರಗೆ ಹೋಗಿರುವುದಿಲ್ಲ. ಫ್ಯಾನ್ ತಿರುಗುತ್ತಲೇ ಇರುವುದರಿಂದ ಆ ನೀರು ಆವಿಯಾಗಿ ಪುನಃ ಕೋಣೆಗೇ ಬರುತ್ತದೆ. ಉಷ್ಣಾಂಶ 24, ಮೈ ಮಾತ್ರ ಅಂಟಂಟು. ಜನ ಇನ್ನೂ ಇಳಿಸಿ 20 ಮಾಡುತ್ತಾರೆ. ಆಗ ಕಪಾಟಿನ ಹಿಂದಿನ ಗೋಡೆಯಲ್ಲಿ ಬೂಷ್ಟು ಹಿಡಿಯುತ್ತದೆ, ಚರ್ಮದ ಬೆಲ್ಟು-ಚೀಲ ಬೆಳ್ಳಗಾಗುತ್ತವೆ.

ಹಾಗಾಗಿ ಇಲ್ಲಿ ಒಂದು ಅಳತೆ ದೊಡ್ಡದು ತರಲೇಬಾರದು. ಮಲಗುವ ಕೋಣೆಗೆ 0.8 ಅಥವಾ 1 ಟನ್, ತಳಮಿತಿ ಆದಷ್ಟು ಕಡಿಮೆ ಇರುವಂಥದ್ದು. ಫ್ಯಾನ್ ವೇಗ ಕಡಿಮೆ ಇಡಿ, ಕಾಯಿಲ್ ಹೆಚ್ಚು ತಣ್ಣಗಾಗಿ ನೀರು ಹೆಚ್ಚು ಇಳಿಯುತ್ತದೆ. ಮಳೆಗಾಲಕ್ಕೆ ಡ್ರೈ ಮೋಡ್. ಬಾಗಿಲ ಅಡಿಗೆ ರಬ್ಬರ್ ಪಟ್ಟಿ, ಬಚ್ಚಲಿನ ಬಾಗಿಲು ಮುಚ್ಚಿಡುವುದು, ಇವಕ್ಕೆ ಖರ್ಚೇ ಇಲ್ಲ. 500 ರೂಪಾಯಿ ಆಸುಪಾಸಿನ ಒಂದು ಆರ್ದ್ರತೆ ಮೀಟರ್ ಗೋಡೆಗೆ ಹಾಕಿ, ಶೇ 60ರ ಕೆಳಗೆ ಇದ್ದರೆ 26-27ರಲ್ಲೂ ಸುಖ ನಿದ್ದೆ ಬರುತ್ತದೆ.

ತಾರಸಿ ಬಗ್ಗೆ ಒಂದು ಮಾತು. ಇಲ್ಲಿ ಮಳೆಗೆಂದು ಆರ್‌ಸಿಸಿ ಮೇಲೆ ಶೀಟಿನ ಮಾಡು ಹಾಕುವ ರೂಢಿ ಉಂಟಲ್ಲ, ಅದು ಸ್ಲ್ಯಾಬಿಗೆ ನೆರಳೂ ಹೌದು. ನಡುವೆ ಗಾಳಿ ಆಡುತ್ತದೆ. ಕಲಬುರಗಿಯವರೂ ಸೋಲಾರ್ ಫಲಕಗಳನ್ನು ಎತ್ತರದ ಚೌಕಟ್ಟಿನ ಮೇಲೆ ಮಲಗುವ ಕೋಣೆಯ ತಲೆ ಮೇಲೆಯೇ ಬರುವಂತೆ ಹಾಕಿಸಿದರೆ ಅದೇ ಲಾಭ.

ಹೆಬ್ಬಾಳ_ಎಚ್‌ವಿಎಸಿ

ಬೆಂಗಳೂರಿನವರಿಗಾಗಿ ಇಷ್ಟು ಸೇರಿಸುತ್ತೇನೆ. ಅಪಾರ್ಟ್‌ಮೆಂಟಿನ ನಡುಮಹಡಿ, ಅದೇ 120 ಚದರ ಅಡಿ, ಹೊರಗೋಡೆ ಒಂದೇ, ಪೂರ್ವಕ್ಕೆ ಕಿಟಕಿ, ಹೊರಗೆ 36 ಡಿಗ್ರಿ. ಮೇಲಿನವರ ಮಾದರಿಯಲ್ಲೇ ಲೆಕ್ಕ ಹಾಕಿದರೆ 1,450 ವ್ಯಾಟ್ ಬರುತ್ತದೆ, ಅರ್ಧ ಟನ್ನೂ ಇಲ್ಲ. ರಾತ್ರಿ ಇನ್ನೂ ಕಡಿಮೆ. ಅಲ್ಲಿ ಸುಮಾರು 2,800 ವ್ಯಾಟ್‌ನ 0.8 ಟನ್ ಧಾರಾಳ. ಅದೇ ಕಟ್ಟಡದ ಕೊನೆಯ ಮಹಡಿಯ ಪಶ್ಚಿಮದ ಫ್ಲಾಟಿಗೆ ಹೊರೆ ಸುಮಾರು ದುಪ್ಪಟ್ಟು. ಬಿಲ್ಡರ್ ಎಲ್ಲ ಫ್ಲಾಟಿಗೂ ಒಂದೇ ಅಳತೆ ಸೂಚಿಸಿದರೆ ಒಪ್ಪಬೇಡಿ.

ಬಾಸ್ಟನ್_ಬಳಿ

ಇದೇ ಎಳೆಯಲ್ಲಿ ಬಿಸಿ ಮಾಡುವ ಲೆಕ್ಕವನ್ನೂ ಕೇಳಬಹುದೇ? ಮ್ಯಾಸಚೂಸೆಟ್ಸ್‌ನಲ್ಲಿ ಹಳೆಯ ಮರದ ಮನೆ, ಗ್ಯಾಸ್ ಫರ್ನೇಸ್ ತೆಗೆದು ಡಕ್ಟ್ (ಗಾಳಿಯ ಕೊಳವೆ) ಇಲ್ಲದ ಹೀಟ್ ಪಂಪ್, ಅಂದರೆ ಮನೆಯನ್ನು ಬಿಸಿಯೂ ಮಾಡುವ ಸ್ಪ್ಲಿಟ್ ಎಸಿಯಂಥದ್ದು, ಹಾಕುವ ಯೋಚನೆ. ಕಾಂಟ್ರಾಕ್ಟರ್ ಕೊಟ್ಟ ಕೊಟೇಶನ್ 48,000 ಬಿಟಿಯುದ ಒಂದೇ ಹೊರಯಂತ್ರ, ಒಳಗೆ ಐದು ತಲೆ (ಒಳಯಂತ್ರ), ಪ್ರತಿ ಮಲಗುವ ಕೋಣೆಗೂ ಒಂದೊಂದು. ಜನವರಿಯ ಗ್ಯಾಸ್ ಬಿಲ್ 140 ಥರ್ಮ್, ಜುಲೈನಲ್ಲಿ 20. ಫರ್ನೇಸ್ ದಕ್ಷತೆ ಶೇ 80.

ಚಳಿನಾಡು

ಬಿಲ್ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಜುಲೈನ 20 ಥರ್ಮ್ ಬಿಸಿನೀರು, ಅಡುಗೆಯದು, ಅದನ್ನು ಕಳೆದರೆ ಬಿಸಿ ಮಾಡಲು 120 ಥರ್ಮ್. ಥರ್ಮ್‌ಗೆ 1,00,000 ಬಿಟಿಯು, ಶೇ 80 ದಕ್ಷತೆ, ಅಂದರೆ ಮನೆಗೆ ತಲುಪಿದ್ದು 96 ಲಕ್ಷ ಬಿಟಿಯು. ಬಾಸ್ಟನ್‌ನ ಜನವರಿಗೆ 65 ಫ್ಯಾರನ್‌ಹೀಟ್ ಆಧಾರದ ಹೀಟಿಂಗ್ ಡಿಗ್ರಿ ಡೇ (ದಿನದ ಸರಾಸರಿ 65ಕ್ಕಿಂತ ಎಷ್ಟು ಕೆಳಗಿತ್ತು ಎಂಬುದರ ತಿಂಗಳ ಮೊತ್ತ) ಸುಮಾರು 1,100; ನಿಮ್ಮ ಬಿಲ್ಲಿನ ತಾರೀಖುಗಳ ನಿಖರ ಅಂಕಿಯನ್ನೇ ಹುಡುಕಿ ಹಾಕಿ. 96 ಲಕ್ಷವನ್ನು 1,100 x 24ರಿಂದ ಭಾಗಿಸಿದರೆ, ಹೊರಗೆ 1 ಡಿಗ್ರಿ ಫ್ಯಾರನ್‌ಹೀಟ್ ಇಳಿದಂತೆ ಗಂಟೆಗೆ 364 ಬಿಟಿಯು. ಅಲ್ಲಿನ ವಿನ್ಯಾಸ ಉಷ್ಣಾಂಶ, ಅಂದರೆ ಲೆಕ್ಕಕ್ಕೆ ಹಿಡಿಯುವ ಕಡುಚಳಿ, ಸುಮಾರು 12 ಫ್ಯಾರನ್‌ಹೀಟ್, ಅಂದರೆ ಮೈನಸ್ 11 ಸೆಲ್ಸಿಯಸ್. 65ರಿಂದ 12 ಕಳೆದರೆ 53. 364 x 53 = ಗಂಟೆಗೆ 19,300 ಬಿಟಿಯು. ನಿಮಗೆ ಹೇಳಿರುವುದು ಅದರ ಎರಡೂವರೆ ಪಟ್ಟು.

ಐದು ತಲೆಯ ಯಂತ್ರದ ಮುಖ್ಯ ದೋಷ ತಳಮಿತಿಯದ್ದೇ. ಅಕ್ಟೋಬರಿನಲ್ಲಿ ಒಂದೇ ಮಲಗುವ ಕೋಣೆ 1,500 ಬಿಟಿಯು ಕೇಳಿದರೆ ಅಂಥ ದೊಡ್ಡ ಹೊರಯಂತ್ರ ಅಷ್ಟು ಕೆಳಗೆ ಇಳಿಯಲಾರದು. ಆಫ್ ಆಗಿರುವ ಉಳಿದ ತಲೆಗಳಿಗೂ ಸ್ವಲ್ಪ ಬಿಸಿ ಅನಿಲ ಹರಿಯುತ್ತಲೇ ಇರುತ್ತದೆ, ಬೇಡದ ಕೋಣೆ ಬೆಚ್ಚಗಾಗುತ್ತದೆ. ಒಂದಕ್ಕೊಂದು ಜೋಡಿಯ ಎರಡು ಯಂತ್ರ ಹಾಕಿಸಿ, ಕೆಳಗಿನ ಹಾಲ್‌ಗೆ 12,000-15,000, ಮೇಲಿನ ನಡುಮನೆಗೆ 9,000-12,000. ಬಾಗಿಲು ಮುಚ್ಚಿ ಮಲಗುವ ಕೋಣೆ ಹೆಚ್ಚಿದ್ದರೆ ಮೇಲೆ ಚಿಕ್ಕ ಡಕ್ಟಿನ ಒಳಯಂತ್ರ ವಾಸಿ.

ಅಂಕಿ ಓದುವಾಗ ಎಚ್ಚರ. ಬಿಸಿ ಮಾಡುವ ಸಾಮರ್ಥ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆಯುವುದು ಹೊರಗೆ 47 ಫ್ಯಾರನ್‌ಹೀಟ್ ಇದ್ದಾಗಿನದು. ನಿಮಗೆ ಬೇಕಾದದ್ದು 17 ಮತ್ತು 5ರಲ್ಲಿನ ಅಂಕಿ. ಸಾಮಾನ್ಯ ಯಂತ್ರ 5ಕ್ಕೆ ಬರುವಷ್ಟರಲ್ಲಿ ಸಾಮರ್ಥ್ಯದ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತದೆ. ನೀಪ್ ಸಂಸ್ಥೆಯ ಚಳಿಪ್ರದೇಶದ ಹೀಟ್ ಪಂಪ್ ಪಟ್ಟಿಯಲ್ಲಿ ಪ್ರತಿ ಮಾಡೆಲಿನ 5 ಫ್ಯಾರನ್‌ಹೀಟ್‌ನ ಗರಿಷ್ಠ, ಕನಿಷ್ಠ ಎರಡೂ ಸಿಗುತ್ತವೆ. ಕೋಣೆವಾರು ಮ್ಯಾನುಯಲ್ ಜೆ (ಅಮೆರಿಕದಲ್ಲಿ ಮನೆಯ ಹೊರೆ ಅಳೆಯುವ ಪ್ರಮಾಣಿತ ವಿಧಾನ) ಲೆಕ್ಕ ಮಾಡಿಕೊಡದ ಕಾಂಟ್ರಾಕ್ಟರ್‌ಗೆ ಸಹಿ ಹಾಕಬೇಡಿ. ಹೊರಯಂತ್ರವನ್ನು ಹಿಮದ ಮಟ್ಟಕ್ಕಿಂತ ಮೇಲೆ ಸ್ಟ್ಯಾಂಡ್ ಮೇಲಿಡಿ; ಡಿಫ್ರಾಸ್ಟ್ ನೀರು ಕೆಳಗೆ ಹೆಪ್ಪುಗಟ್ಟಿ ಫ್ಯಾನ್‌ವರೆಗೂ ಬೆಳೆಯುತ್ತದೆ.

ತಾಮ್ರದ_ಪೈಪು

ಸರಿಯಾದ ಅಳತೆ ಆರಿಸಿಯೂ ಫಿಟ್ಟಿಂಗ್ ಕೆಟ್ಟರೆ 1.5 ಟನ್ 1 ಟನ್ನಿನ ಕೆಲಸವನ್ನೂ ಮಾಡದು. ಫಿಟ್ಟರ್ ಬಂದ ದಿನ ಪಕ್ಕದಲ್ಲಿ ನಿಂತು ನೋಡಿ.

ಪೈಪು: 1 ಟನ್‌ಗೆ ಸಾಮಾನ್ಯವಾಗಿ ಕಾಲು ಇಂಚು ಮತ್ತು 3/8 ಇಂಚು, 1.5 ಟನ್‌ಗೆ ಕಾಲು ಮತ್ತು ಅರ್ಧ ಇಂಚು. ಯಂತ್ರದ ಕೈಪಿಡಿಯಲ್ಲಿದ್ದದ್ದೇ ಅಂತಿಮ. ಪೆಟ್ಟಿಗೆಯೊಂದಿಗೆ ಬರುವುದು ಹೆಚ್ಚಾಗಿ 3 ಮೀಟರ್. ಉದ್ದ ಹೆಚ್ಚಾದರೆ ಸಾಮರ್ಥ್ಯ ಇಳಿಯುತ್ತದೆ, ಕಾಲು ಇಂಚಿನ ದ್ರವದ ಪೈಪಿಗೆ ಮೀಟರಿಗೆ 15-20 ಗ್ರಾಂ ಗ್ಯಾಸ್ ಹೆಚ್ಚು ಬೇಕಾಗಬಹುದು. ಆ ಗ್ಯಾಸನ್ನು ತೂಕ ಮಾಡಿಯೇ ಹಾಕಬೇಕು. ಇನ್ವರ್ಟರಿನಲ್ಲಿ ಕಂಪ್ರೆಸರ್ ವೇಗ ಬದಲಾಗುತ್ತಲೇ ಇರುವುದರಿಂದ ಗೇಜ್ ಒತ್ತಡ ನೋಡಿ ತುಂಬುವ ಹಳೆಯ ಪದ್ಧತಿ ನಡೆಯುವುದಿಲ್ಲ.

ಎರಡೂ ಪೈಪಿಗೆ ಬೇರೆ ಬೇರೆ ಇನ್ಸುಲೇಶನ್ ಇರಲೇಬೇಕು. ಗ್ಯಾಸ್ ಹಿಗ್ಗುವ ವಾಲ್ವ್ ಹೊರಯಂತ್ರದಲ್ಲೇ ಇರುವುದರಿಂದ ತೆಳ್ಳನೆಯ ಪೈಪು ಕೂಡ ತಣ್ಣಗಿರುತ್ತದೆ. ಎರಡನ್ನೂ ಒಂದೇ ಕೊಳವೆಯಲ್ಲಿ ತುರುಕಿದರೆ ಒಂದರ ಶಾಖ ಇನ್ನೊಂದಕ್ಕೆ ಹೋಗುತ್ತದೆ. ಕರಾವಳಿಯಲ್ಲಿ 9 ಮಿಮೀ ಸಾಲದು, 13 ಮಿಮೀ ಹಾಕಿಸಿ, ಇಲ್ಲದಿದ್ದರೆ ಮೇಲೆ ನೀರು ಬೆವರಿ ಗೋಡೆಯಲ್ಲಿ ಇಳಿಯುತ್ತದೆ.

ಫ್ಲೇರ್ ನಟ್ (ಅಗಲಿಸಿದ ಪೈಪಿನ ಬಾಯಿಯನ್ನು ಯಂತ್ರಕ್ಕೆ ಜೋಡಿಸುವ ನಟ್) ಬಿಗಿಯುವುದಕ್ಕೆ ಟಾರ್ಕ್ ಪಾನಾ ಬೇಕು: ಕಾಲು ಇಂಚಿಗೆ 14-18, 3/8ಕ್ಕೆ 33-42, ಅರ್ಧ ಇಂಚಿಗೆ 49-61 ನ್ಯೂಟನ್ ಮೀಟರ್. ಅತಿ ಬಿಗಿದರೆ ತಾಮ್ರದ ತುಟಿ ತೆಳ್ಳಗಾಗಿ ಸೀಳುತ್ತದೆ, ಕೆಲವು ತಿಂಗಳ ಮೇಲೆ ಗ್ಯಾಸ್ ಸೋರುತ್ತದೆ. ಪೈಪು ಕತ್ತರಿಸಿದ ಮೇಲೆ ಒಳಗಿನ ಅಂಚಿನ ಮುಳ್ಳು ಕೆರೆದು ತೆಗೆಯುವಾಗ ಪೈಪಿನ ಬಾಯಿ ಕೆಳಮುಖವಾಗಿರಲಿ, ಚೂರು ಒಳಗೆ ಬೀಳಬಾರದು.

ಆಮೇಲೆ ವ್ಯಾಕ್ಯೂಮ್. ಗ್ಯಾಸ್ ವಾಲ್ವ್ ತುಸು ತೆರೆದು "ಗಾಳಿ ಹೊರಗೆ ತಳ್ಳಿದೆ" ಎನ್ನುವವರನ್ನು ತಡೆಯಿರಿ. ಈಗಿನ ಅನೇಕ ಎಸಿಗಳಲ್ಲಿರುವ ಆರ್-32 ಬೆಂಕಿ ಹಿಡಿಯಬಲ್ಲ ಗ್ಯಾಸ್, ಹಾಗೆ ಬಿಡುವುದು ಅಪಾಯ. ಪೈಪಿನೊಳಗಿನ ತೇವವೂ ಹೋಗುವುದಿಲ್ಲ. ಪಂಪ್ ಹಚ್ಚಿ 500 ಮೈಕ್ರಾನ್‌ಗಿಂತ (ಒಳಗೆ ಉಳಿದ ಒತ್ತಡದ ಅಳತೆ) ಕೆಳಗೆ ತಂದು, ಪಂಪ್ ಕಡೆಯ ವಾಲ್ವ್ ಮುಚ್ಚಿ 10 ನಿಮಿಷ ಕಾಯಬೇಕು. ಮಾಪಕದ ಅಂಕಿ ಏರುತ್ತಲೇ ಹೋದರೆ ಸೋರಿಕೆ ಇದೆ, ಸ್ವಲ್ಪ ಏರಿ ನಿಂತರೆ ತೇವ ಉಳಿದಿದೆ.

ಹೊರಯಂತ್ರ ಇಡುವ ಜಾಗ ಕಲಬುರಗಿ, ರಾಯಚೂರು, ಬಳ್ಳಾರಿಯವರಿಗೆ ಬಹಳ ಮುಖ್ಯ. ಮೂರು ಕಡೆ ಗೋಡೆ ಇರುವ ಸಂದಿಯಲ್ಲಿ ಇಟ್ಟರೆ ತಾನೇ ಬಿಟ್ಟ ಬಿಸಿಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ, ಊರಲ್ಲಿ 43 ಇದ್ದರೂ ಅದರ ಪಾಲಿಗೆ 50. ಆ 7 ಡಿಗ್ರಿಗೆ ಶೇ 7-10 ಸಾಮರ್ಥ್ಯ ಹೋಗುತ್ತದೆ, ಮಿತಿ ಮೀರಿದರೆ ಕಂಪ್ರೆಸರ್ ನಿಂತೇಬಿಡುತ್ತದೆ. ಹಿಂದೆ ಒಂದಡಿ, ಮುಂದೆ ಕನಿಷ್ಠ ಮೂರಡಿ ಬಯಲು ಬಿಡಿ. ನೆರಳಿಗೆ ಮೇಲೊಂದು ತಗಡು ಸರಿ, ಆದರೆ ಮುಂದಿನ ಗಾಳಿ ತಡೆಯಬಾರದು.

ವೈರಿಂಗ್_ಬೀದರ್

ಕರೆಂಟಿನ ಮಾತು ಯಾರೂ ಎತ್ತಲಿಲ್ಲ. 1.5 ಟನ್ ಇನ್ವರ್ಟರಿಗೆ ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೀರಿ. ದೂರ ಇದ್ರ 4 ಚದರ ಮಿಮೀ ತಾಮ್ರದ ವೈರು, 20 ಆಂಪಿಯರ್ ಸಿ-ಕರ್ವ್ ಎಂಸಿಬಿ (ಮೋಟಾರು ಶುರು ಆಗೋ ಎಳೆತ ತಡೆಯೋ ಟ್ರಿಪ್ ಸ್ವಿಚ್ಚು), ಸರಿಯಾದ ಅರ್ಥಿಂಗ್. ಬ್ಯಾಸಗ್ಯಾಗ ಸಂಜಿ ಹೊತ್ತು ವೋಲ್ಟೇಜ್ 170-180ಕ್ಕ ಇಳಿಯೋ ಕಡೆ, ಯಂತ್ರದ ಮ್ಯಾಲೆ ಬರೆದ ವೋಲ್ಟೇಜ್ ಮಿತಿ ನೋಡ್ರಿ. ಅದಕ್ಕಿಂತ ಕೆಳಗ ಹೋಗ್ತಿದ್ರ 1.5 ಟನ್‌ಗೆ 4 ಕೆವಿಎ, 1 ಟನ್‌ಗೆ 3 ಕೆವಿಎ ಸ್ಟೆಬಿಲೈಸರ್.

ಗೃಹಜ್ಯೋತಿ ಇದ್ದವರು ಇದನ್ನ ಲೆಕ್ಕಕ್ಕ ಹಿಡೀರಿ: ತಿಂಗಳಿಗೆ 200 ಯೂನಿಟ್ ದಾಟಿದ್ರ ಪೂರ್ತಿ ಬಿಲ್ ಕಟ್ಟಬೇಕು. ಎಸಿ ಗಂಟೆಗೆ 0.9 ಯೂನಿಟ್ ಎಳದ್ರ 8 ಗಂಟೆಗೆ 7.2, ತಿಂಗಳಿಗೆ 216, ಎಸಿಯೊಂದೇ ಮಿತಿ ದಾಟ್ತದ. ತಾರಸಿ ಸರಿಮಾಡಿ ಸರಾಸರಿ 0.4ಕ್ಕ ತಂದ್ರ 96. ಮನಿ ಉಳಿದ ಬಳಕೆ 100ರ ಒಳಗಿದ್ರ ಮಿತಿಯೊಳಗೇ ಉಳೀತೀರಿ.

ಬಿಸಿಲೂರು

ಭಾಳ ಉಪಕಾರ ಆತ್ರೀ ಎಲ್ಲರಿಂದ. ಈ ವರ್ಷ ಬಿಳಿ ಪೇಂಟ್ ಮತ್ತ ಕಿಟಕಿಗೆ ಹೊರತಟ್ಟಿ, ಅದರ ಮ್ಯಾಲೆ 1 ಟನ್ ಅಂತ ನಿರ್ಧಾರ ಮಾಡೀವಿ. ಎರಡು ಪ್ರಶ್ನೆ ಉಳದಾವ. ಮನ್ಯಾಗ ಕೂಲರ್ ಅದ, ಎಸಿ ಜೋಡಿ ಅದನ್ನೂ ಹಚ್ಚಬಹುದೇನು? ಮತ್ತ ಫಿಟ್ಟಿಂಗ್ ಆದಮ್ಯಾಲೆ ಯಂತ್ರ ಪೂರ್ತಿ ಸಾಮರ್ಥ್ಯ ಕೊಡ್ತದೋ ಇಲ್ಲೋ ಹ್ಯಾಂಗ ನೋಡೂದು?

ಲೋಡ್_ಲೆಕ್ಕ

ಒಟ್ಟಿಗೆ ಬೇಡ. ಕೂಲರ್ ಗಾಳಿಗೆ ನೀರು ಸೇರಿಸುತ್ತದೆ, ಎಸಿ ಅದನ್ನೇ ಹಿಂಡುತ್ತ ಕೂರುತ್ತದೆ. ಆದರೆ ಕಲಬುರಗಿಯ ಒಣ ಮಧ್ಯಾಹ್ನಕ್ಕೆ ಕೂಲರ್ ಒಳ್ಳೆಯದೇ: 43 ಡಿಗ್ರಿ, ಶೇ 20 ಆರ್ದ್ರತೆ ಇದ್ದಾಗ ಒಳ್ಳೆಯ ಪ್ಯಾಡ್ 28-29ರ ಗಾಳಿ ಕೊಡುತ್ತದೆ. ಹಗಲು ಕಿಟಕಿ ತೆರೆದು ಕೂಲರ್ ನಡೆಸಿ. ಸಂಜೆ ಅದನ್ನು ನಿಲ್ಲಿಸಿ, ಅರ್ಧ ಗಂಟೆ ಕೋಣೆಗೆ ಗಾಳಿಯಾಡಲು ಬಿಟ್ಟು, ಆಮೇಲೆ ಎಲ್ಲ ಮುಚ್ಚಿ ಮಲಗುವುದಕ್ಕೆ ಒಂದು ಗಂಟೆ ಮೊದಲು ಎಸಿ ಹಾಕಿ. ಕಾದ ಗೋಡೆ ತಣಿಯಲು ಅಷ್ಟು ಹೊತ್ತು ಬೇಕು.

ಸಾಮರ್ಥ್ಯ ನೋಡಲು ರಿಮೋಟ್‌ನಲ್ಲಿ 16-18 ಇಟ್ಟು, ಫ್ಯಾನ್ ಹೆಚ್ಚಿನ ವೇಗದಲ್ಲಿ 15-20 ನಿಮಿಷ ಓಡಿಸಿ, ಇನ್ವರ್ಟರ್ ಪೂರ್ತಿ ವೇಗಕ್ಕೆ ಬರುತ್ತದೆ. ಒಳಯಂತ್ರದ ಮೇಲ್ಭಾಗದಲ್ಲಿ ಎಳೆಯುವ ಗಾಳಿಗೂ ಕೆಳಗೆ ಬಿಡುವ ಗಾಳಿಗೂ ಡಿಜಿಟಲ್ ಥರ್ಮಾಮೀಟರ್ ಹಿಡಿಯಿರಿ. ವ್ಯತ್ಯಾಸ 10-14 ಡಿಗ್ರಿ ಇದ್ದರೆ ಸರಿ. 7ಕ್ಕಿಂತ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ ಅಥವಾ ಹೊರಯಂತ್ರಕ್ಕೆ ಗಾಳಿ ಸಾಲದು. 18 ದಾಟಿದರೆ ಒಳಗಿನ ಫಿಲ್ಟರ್ ಕಟ್ಟಿಕೊಂಡಿದೆ, ನಿಮ್ಮೂರಿನ ಧೂಳಿಗೆ ಅದನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು. ಫಿಟ್ಟರ್ ಮನೆಯಿಂದ ಹೊರಡುವ ಮುಂಚೆಯೇ ಈ ಎರಡು ಅಂಕಿ ಮತ್ತು ಆ ಹೊತ್ತಿನ ಆಂಪಿಯರ್ ಬರೆದಿಟ್ಟುಕೊಳ್ಳಿ. ಮುಂದಿನ ಬೇಸಗೆಯಲ್ಲಿ ತಂಪು ಕಡಿಮೆ ಅನಿಸಿದರೆ ಹೋಲಿಸಲು ಅದೇ ಆಧಾರ.